ಮೂರು ವರ್ಷ ಸಾಕಿದ ಕಾವಲುಗಾರ: ಕಾಪಿ ಹಿಡಿಯುವ ಸೇವೆಯೊಂದರ ಬಗ್ಗೆ ನನ್ನ ಅನುಭವ

ಕಳೆದ ವಾರ ನವೀಕರಣದ ಮೇಲ್ ಬಂತು. ಇನ್ನೊಂದು ವರ್ಷಕ್ಕೆ 6,200 ರೂಪಾಯಿ. ಮೂರು ವರ್ಷ ಕಣ್ಣು ಮುಚ್ಚಿ ಕಟ್ಟಿದ್ದೆ. ಈ ಸಲ ಕಟ್ಟಲಿಲ್ಲ. ಯಾಕೆ ಅಂತ ಬರೆಯೋಣ ಎಂದು ಕೂತಿದ್ದೇನೆ. ಸೇವೆಯ ಹೆಸರು ಹಾಕುತ್ತಿಲ್ಲ. ನಮ್ಮ ತಾಣದ ಬರಹವನ್ನು ಯಾರಾದರೂ ಎತ್ತಿಕೊಂಡು ಹೋಗಿ ತಮ್ಮ ತಾಣದಲ್ಲಿ ಹಾಕಿಕೊಂಡರೆ ಹುಡುಕಿ ಹೇಳುವುದು, ಬೇಕಾದರೆ ತೆಗೆಸಲು ನೋಟಿಸ್ ಕಳಿಸುವುದು ಇದರ ಕೆಲಸ. ಪ್ಲಾನು, ಪುಟಗಳ ಲೆಕ್ಕ ಇವೆಲ್ಲ ಇಂಥ ಸೇವೆ ಹುಡುಕುತ್ತಿರುವವರಿಗೆ ಗೊತ್ತೇ ಇರುತ್ತದೆ, ಬಿಡುತ್ತೇನೆ.

ನಾನು ಶಿರಸಿ ಕಡೆಯವಳು. ನಮ್ಮ ಕಡೆಯ ಅಡುಗೆ ಬಗ್ಗೆ ಬರೆಯುತ್ತೇನೆ. ತಂಬುಳಿ, ಅಪ್ಪೆಹುಳಿ, ಹಶಿ, ತೊಡೆದೇವು. ಜಾಸ್ತಿ ಕನ್ನಡದಲ್ಲಿ, ಅಲ್ಪಸ್ವಲ್ಪ ಇಂಗ್ಲಿಷಿನಲ್ಲಿ. ಜಾಹೀರಾತಿನಿಂದ ತಿಂಗಳಿಗೆ ಸಾವಿರ ರೂಪಾಯಿ ಬಂದರೆ ಹಬ್ಬ. ಅಂದರೆ ವರ್ಷದ ಗಳಿಕೆಯಲ್ಲಿ ಅರ್ಧ ಈ ಕಾವಲುಗಾರನ ಸಂಬಳಕ್ಕೇ ಹೋಗುತ್ತಿತ್ತು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ. ನಿಮ್ಮ ಗಳಿಕೆ ಬೇರೆ ಇದ್ದರೆ ನಿಮ್ಮ ತೀರ್ಮಾನವೂ ಬೇರೆ ಆದೀತು.

ಕೊಂಡದ್ದು ಸಿಟ್ಟಿನಲ್ಲಿ. ಒಂದು ಮಳೆಗಾಲ, ನಾನೇ ಬರೆದ ಒಂದೆಲಗ ಸೊಪ್ಪಿನ ತಂಬುಳಿಯ ಅಳತೆ ಮರೆತುಹೋಗಿ ಫೋನಿನಲ್ಲಿ ಹುಡುಕಿದೆ. ಮೊದಲು ಬಂದ ಪುಟ ನನ್ನದಲ್ಲ. ತೆರೆದು ನೋಡಿದರೆ ನನ್ನದೇ! "ನಮ್ಮ ಅತ್ತೆಗೆ ಹಸಿಮೆಣಸು ಆಗುವುದಿಲ್ಲ, ಅದಕ್ಕೇ ಕಾಳುಮೆಣಸು" ಎಂಬ ಸಾಲೂ ಸಮೇತ. ಬರೆದವರ ಹೆಸರಿನ ಜಾಗದಲ್ಲಿ 'ಅಡ್ಮಿನ್' ಎಂದಿತ್ತು. ಅಡ್ಮಿನ್‌ಗೂ ನಿನಗೂ ಒಬ್ಬಳೇ ಅತ್ತೆಯಾ ಎಂದು ನಮ್ಮನೆಯವರು ಒಂದು ವಾರ ನಕ್ಕರು. ನನಗೆ ನಗು ಬರಲಿಲ್ಲ. ಆ ತಾಣಕ್ಕೆ ಎರಡು ಮೇಲ್ ಹಾಕಿದೆ. ಸುದ್ದಿಯಿಲ್ಲ. ಅದೇ ರಾತ್ರಿ ಕಾರ್ಡ್ ನಂಬರ್ ಕೊಟ್ಟು ಸೇವೆಗೆ ಸೇರಿದೆ.

ಮೊದಲ ವರ್ಷ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಭಾನುವಾರ ಬೆಳಗ್ಗೆ ಆರಕ್ಕೆ ವರದಿ ಬರುತ್ತಿತ್ತು. ಒಲೆ ಮೇಲೆ ಕಷಾಯಕ್ಕೆ ನೀರಿಟ್ಟು, ಜೀರಿಗೆ ಕೊತ್ತಂಬರಿ ಪುಡಿಯ ಡಬ್ಬ ಹತ್ತಿರ ಎಳೆದುಕೊಂಡು, ಫೋನ್ ತೆರೆಯುತ್ತಿದ್ದೆ. ಒಂದು ದುಂಡನೆಯ ಚಿತ್ರ. ಹಸಿರಿದ್ದರೆ ಎಲ್ಲ ಸರಿ, ಕೆಂಪು ಬಂದರೆ ಕಳ್ಳ ಸಿಕ್ಕ ಎಂದರ್ಥ. ಕೆಂಪಿನ ಮೇಲೆ ಒತ್ತಿದರೆ ಎಡಕ್ಕೆ ನನ್ನ ಪುಟ, ಬಲಕ್ಕೆ ಅವರ ಪುಟ, ಒಂದೇ ಥರ ಇರುವ ಸಾಲುಗಳಿಗೆ ಹಳದಿ ಬಣ್ಣ. ನೀರು ಕುದಿಯುವಷ್ಟರಲ್ಲಿ ಒಂದು ಪತ್ತೇದಾರಿ ಕಥೆ ಓದಿ ಮುಗಿಸಿದ ಹಾಗೆ. ಮಳೆಗಾಲದಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಅಂಥ ಭಾನುವಾರ ವರದಿ ನೋಡದೆ ಕಷಾಯ ರುಚಿಸುತ್ತಲೇ ಇರಲಿಲ್ಲ.

ಇಂಗ್ಲಿಷ್ ಪುಟಗಳ ವಿಷಯದಲ್ಲಿ ಅದು ನಿಜಕ್ಕೂ ಚುರುಕು. ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಯಾರೋ ಎತ್ತಿ ಹತ್ತು ದಿನವಾಗಿರಲಿಲ್ಲ, ಹಿಡಿದುಕೊಟ್ಟಿತು.

ಇನ್ನು ಬ್ಯಾಡ್ಜ್. ಸೇರಿದವರಿಗೆಲ್ಲ ಒಂದು ಚಂದದ ನೀಲಿ ಗುರಾಣಿಯ ಚಿತ್ರ ಕೊಡುತ್ತಾರೆ, 'ಈ ಬರಹ ರಕ್ಷಿತ' ಎಂಬರ್ಥದ ಮಾತು ಅದರಲ್ಲಿರುತ್ತದೆ. ನಾನು ಪ್ರತಿ ಬರಹದ ಕೊನೆಗೂ ಹಾಕಿದೆ. ಎರಡು ತಿಂಗಳು ಬಿಟ್ಟು ಬೇರೊಂದು ತಾಣದಲ್ಲಿ ನನ್ನ ತೊಡೆದೇವು ಸಿಕ್ಕಿತು. ಮಡಕೆ ಬೋರಲು ಹಾಕಿ, ಬಟ್ಟೆ ಅದ್ದಿ ಹಿಟ್ಟು ಸವರುವ ವಿವರವೆಲ್ಲ ಪೂರ್ತಿ. ಕೊನೆಗೆ ನೀಲಿ ಗುರಾಣಿ. ಅದನ್ನೂ ಕದ್ದಿದ್ದರು! ಕದ್ದ ಮಾಲಿಗೆ ನನ್ನದೇ ದುಡ್ಡಿನ ಮುದ್ರೆ.

ಹೀಗಾಗುವುದು ಹೇಗೆ ಎಂದು ಬೆಂಗಳೂರಿನಲ್ಲಿರುವ ಅಳಿಯ, ಅಂದರೆ ಅಣ್ಣನ ಮಗ, ಬಿಡಿಸಿ ಹೇಳಿದ. ಅಲ್ಲಿ ಮನುಷ್ಯ ಕೂತು ಕಾಪಿ ಮಾಡುವುದೇ ಇಲ್ಲ. ಹೊಸ ಬರಹ ಬಂತೆಂದು ಓದುಗರಿಗೆ ತಿಳಿಸಲು ನಮ್ಮ ತಾಣ ಒಂದು ಆರ್‌ಎಸ್‌ಎಸ್ ಫೀಡ್ ಹೊರಡಿಸುತ್ತದೆ. ಅದರಲ್ಲಿ ಪೂರ್ತಿ ಬರಹ ಇರುತ್ತದೆ. ಒಂದು ಪ್ರೋಗ್ರಾಂ ಅದನ್ನು ನಲ್ಲಿಗೆ ಕೊಡ ಇಟ್ಟ ಹಾಗೆ ಹಿಡಿದುಕೊಂಡು ತನ್ನ ತಾಣಕ್ಕೆ ಸುರಿಯುತ್ತದೆ. ಗುರಾಣಿಯೂ ನೀರಿನ ಜೊತೆಗೇ ಹೋಗಿತ್ತು. ನನ್ನ ತಾಣ ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ, ಫೀಡ್‌ಗೆ ಪೂರ್ತಿ ಬರಹದ ಬದಲು ಸಾರಾಂಶ ಸಾಕು ಎಂದು ಆರಿಸುವ ಒಂದು ಗುಂಡಿ ಇದೆ. ಒತ್ತಿದೆ. ಯಂತ್ರದ ಕಳ್ಳತನ ಮುಕ್ಕಾಲು ಪಾಲು ನಿಂತಿತು. ಖರ್ಚು ಸೊನ್ನೆ. ಸೇವೆಯವರು ಇದನ್ನು ಮೊದಲ ದಿನವೇ ಹೇಳಬಹುದಿತ್ತು, ಅಲ್ವಾ? ಇಲ್ಲಿಂದ ನನ್ನ ಮನಸ್ಸು ಸ್ವಲ್ಪ ಹುಳಿಯಾಯಿತು.

ಪೂರ್ತಿ ಹುಳಿಯಾಗಿಸಿದ್ದು ಕನ್ನಡ. ಎರಡನೇ ವರ್ಷ ನಾನು ಇಂಗ್ಲಿಷಿನಲ್ಲಿ ಬರೆಯುವುದನ್ನು ಕಡಿಮೆ ಮಾಡಿದೆ. ಆಮೇಲೆ ಭಾನುವಾರದ ವರದಿ ವಿಚಿತ್ರವಾಗತೊಡಗಿತು. ದುಂಡನೆಯ ಚಿತ್ರ ಕೆಂಪಗೆ ಉರಿಯುತ್ತಿತ್ತು, ಒತ್ತಿ ನೋಡಿದರೆ ಹಳದಿ ಬಳಿದಿರುವುದು "ಎಣ್ಣೆ ಕಾದ ಮೇಲೆ ಸಾಸಿವೆ, ಇಂಗು, ಒಣಮೆಣಸು ಹಾಕಿ" ಎಂಬ ಸಾಲಿಗೆ. ಒಗ್ಗರಣೆಯನ್ನು ಇನ್ನು ಹೇಗೆ ಬರೆಯುವುದು? ಕರ್ನಾಟಕದ ಅರ್ಧ ಅಡುಗೆ ತಾಣಗಳು ನನ್ನಿಂದ ಕದ್ದಿವೆ ಎಂದು ಅದರ ಲೆಕ್ಕ. ಒಂದು ವಾರ 34 ಕಳ್ಳರು! ಬೆಲ್ಲ ಅರ್ಧ ಅಚ್ಚು, ತೆಂಗಿನಕಾಯಿ ಒಂದು ಕಡಿ ಎಂಬ ಸಾಮಾನಿನ ಪಟ್ಟಿ ಯಾರ ಸ್ವತ್ತೂ ಅಲ್ಲ. ತಂಬುಳಿ ನಾನು ಹುಟ್ಟುವುದಕ್ಕೆ ಮೊದಲೂ ಇತ್ತು. ಕಾಪಿರೈಟ್ ಇರುವುದು ನಾನು ಅದನ್ನು ಹೇಳಿದ ಮಾತಿಗೆ, ತೆಗೆದ ಫೋಟೋಗೆ. ಅತ್ತೆಯ ಸಾಲು ನನ್ನದು, ಸಾಸಿವೆ ನನ್ನದಲ್ಲ. ಈ ವ್ಯತ್ಯಾಸ ಅದಕ್ಕೆ ಕೊನೆವರೆಗೂ ತಿಳಿಯಲಿಲ್ಲ. ಅತ್ತೆಯ ಸಾಲಿದ್ದ ಮೂರು ಪುಟ ಅದರ ಕಣ್ಣು ತಪ್ಪಿಸಿಕೊಂಡವು. ನಾನೇ ಹುಡುಕಿಕೊಂಡೆ. ಸಹಾಯವಾಣಿಗೆ ಬರೆದರೆ, "ನಿಮ್ಮ ಭಾಷೆಗೆ ಬೆಂಬಲ ಸುಧಾರಿಸುತ್ತಿದ್ದೇವೆ" ಎಂಬ ಉತ್ತರ. ಮುಂದಿನ ವರ್ಷವೂ ಅದೇ ಉತ್ತರ, ಅದೇ ಅಲ್ಪವಿರಾಮ.

ನೋಟಿಸಿನ ಕಥೆ ಇನ್ನೊಂದು. ವರ್ಷಕ್ಕೆ ಮೂರು ನೋಟಿಸ್ ಉಚಿತ, ನಾಲ್ಕನೆಯದರಿಂದ ದುಡ್ಡು. ನಾಲ್ಕನೆಯದಕ್ಕೆ ದುಡ್ಡು ಕೊಟ್ಟ ಮೇಲೆ ಗೊತ್ತಾಯಿತು, ಇದನ್ನು ನಾವೇ ಪುಕ್ಕಟೆ ಮಾಡಬಹುದು. ಕದ್ದ ಬರಹವನ್ನು ತೆಗೆಸಲು ಅಮೆರಿಕದಲ್ಲಿ 1998ರ ಡಿಎಂಸಿಎ ಎಂಬ ಕಾಯ್ದೆ ಇದೆ. ದೊಡ್ಡ ಹುಡುಕು ತಾಣಗಳು, ತಾಣಗಳಿಗೆ ಜಾಗ ಕೊಡುವ ಹೋಸ್ಟಿಂಗ್ ಕಂಪನಿಗಳು ಬಹಳಷ್ಟು ಅಲ್ಲಿನವೇ, ಹಾಗಾಗಿ ದೂರಿನ ಫಾರ್ಮ್ ಅವರ ತಾಣದಲ್ಲೇ ಇರುತ್ತದೆ. ನನ್ನ ಪುಟದ ವಿಳಾಸ, ಕದ್ದ ಪುಟದ ವಿಳಾಸ, ನನ್ನ ಹೆಸರು ಮತ್ತು ಸಂಪರ್ಕ, ಒಪ್ಪಿಗೆ ಕೊಟ್ಟಿಲ್ಲವೆಂದು ನಂಬಿದ್ದೇನೆ ಎಂಬ ಒಂದು ಮಾತು, ಹೇಳಿದ್ದೆಲ್ಲ ಸರಿ ಎಂಬ ಇನ್ನೊಂದು ಮಾತು, ಸಹಿ. ಅಷ್ಟೇ. ಕಳ್ಳನ ತಾಣ ಯಾರ ಬಳಿ ಹೋಸ್ಟ್ ಆಗಿದೆ ಎಂಬುದಕ್ಕೆ ಹೂಈಸ್ ಹುಡುಕಾಟ (ತಾಣದ ಹೆಸರಿನ ನೋಂದಣಿ ವಿವರ ತೋರಿಸುವಂಥದ್ದು) ಒಂದು ಸುಳಿವು ಕೊಡುತ್ತದೆ.

ಎರಡು ಎಚ್ಚರಿಕೆ. ಗೂಗಲ್‌ಗೆ ಕಳಿಸಿದ ನೋಟಿಸಿನ ಪ್ರತಿ ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗುತ್ತದೆ, ನಿಮ್ಮ ಹೆಸರು ಅಲ್ಲಿ ಕಾಣಬಹುದು. ಮತ್ತೆ, ಹುಡುಕಾಟದಿಂದ ತೆಗೆದರೂ ಪುಟ ಅಲ್ಲೇ ಇರುತ್ತದೆ, ದಾರಿಯ ಬೋರ್ಡು ಮಾತ್ರ ಕಿತ್ತ ಹಾಗೆ. ಪುಟವೇ ಹೋಗಬೇಕಾದರೆ ಹೋಸ್ಟ್‌ಗೇ ದೂರು ಕೊಡಬೇಕು. ಅಲ್ಲೂ ಕದ್ದವರು 'ಇದು ಕಳ್ಳತನವಲ್ಲ' ಎಂದು ಎದುರು ನೋಟಿಸ್ ಕೊಟ್ಟರೆ, ನಾವು ಕೋರ್ಟಿಗೆ ಹೋಗದಿದ್ದರೆ, 10ರಿಂದ 14 ಕೆಲಸದ ದಿನಗಳಲ್ಲಿ ಪುಟ ವಾಪಸ್ ಬರುತ್ತದೆ. ನನಗೆ ಯಾರೂ ಎದುರು ನೋಟಿಸ್ ಕೊಟ್ಟಿಲ್ಲ. 'ಅಡ್ಮಿನ್'ಗೆ ಸಹಿ ಹಾಕಲು ಹೆಸರು ಬೇಕಲ್ಲ.

ನಮ್ಮಲ್ಲೂ ದಾರಿ ಇದೆ. 1957ರ ಕಾಪಿರೈಟ್ ಕಾಯ್ದೆ, 2013ರ ನಿಯಮಗಳು. ನಿಯಮ 75ರ ಪ್ರಕಾರ ಸರಿಯಾದ ದೂರು ಬಂದರೆ ಮಧ್ಯವರ್ತಿ ತಾಣ (ಬೇರೆಯವರು ಹಾಕಿದ್ದನ್ನು ತೋರಿಸುವ ತಾಣ) 36 ಗಂಟೆಯೊಳಗೆ ಅದನ್ನು ಕಾಣದಂತೆ ಮಾಡಬೇಕು, 21 ದಿನದವರೆಗೆ. ಅಷ್ಟರೊಳಗೆ ನಾವು ಕೋರ್ಟ್ ಆದೇಶ ತರದಿದ್ದರೆ ಅವರು ವಾಪಸ್ ಹಾಕಬಹುದು. ತಂಬುಳಿಗೆ ಕೋರ್ಟ್ ಮೆಟ್ಟಿಲು ಹತ್ತುವಷ್ಟು ಧೈರ್ಯ ನನಗಿಲ್ಲ, ಬಜೆಟ್ಟೂ ಇಲ್ಲ. ನೋಂದಣಿ ಮಾಡಿಸದಿದ್ದರೆ ಹಕ್ಕೇ ಇಲ್ಲ ಎಂದು ಕೆಲವರು ಹೆದರಿಸುತ್ತಾರೆ, ನಂಬಬೇಡಿ. ಬರೆದ ಕ್ಷಣಕ್ಕೇ ಹಕ್ಕು ನಮ್ಮದು. ನೋಂದಣಿ ಸಾಕ್ಷಿಗೆ ಅನುಕೂಲ, ಅಷ್ಟೇ.

ಸಾಕ್ಷಿ ಎಂದರೆ ನೆನಪಾಯಿತು. 'ಮಿಕ್ಸರ್‌ಗೆ' ಎಂದು ಟೈಪ್ ಮಾಡುವಾಗ ರ್ ಮತ್ತು ಗೆ ಅಂಟಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಹಾಕದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ. ನನ್ನ ಬೆರಳಿಗೆ ಅದನ್ನು ಎರಡು ಸಲ ಒತ್ತುವ ಚಟ. ಕದ್ದ ಪುಟವನ್ನು ಅಳಿಯ ಬಿಚ್ಚಿ ನೋಡಿದರೆ ಅಲ್ಲೂ ಪ್ರತಿ 'ಮಿಕ್ಸರ್‌ಗೆ'ಯಲ್ಲೂ ಎರಡೆರಡು! ಕಾಣದ ಅಕ್ಷರ ನನ್ನ ಪರ ಸಾಕ್ಷಿ ನುಡಿಯಿತು. ಆ ದಿನ ಆದಷ್ಟು ಖುಷಿ ಮೂರು ವರ್ಷದ ಯಾವ ಕೆಂಪು ಚಿತ್ರದಿಂದಲೂ ಆಗಿರಲಿಲ್ಲ.

ಇನ್ನೊಂದು ಖುಷಿಯೂ ಸೇವೆ ಕೊಟ್ಟದ್ದಲ್ಲ. ಒಬ್ಬರು ನನ್ನ ಫೋಟೋಗಳನ್ನು ಇಳಿಸಿಕೊಳ್ಳುವ ಕಷ್ಟವನ್ನೂ ಪಡದೆ, ನನ್ನ ತಾಣದಿಂದಲೇ ನೇರವಾಗಿ ತೋರಿಸುತ್ತಿದ್ದರು. ಅವರ ಓದುಗರಿಗೆ ನನ್ನ ಡೇಟಾ ಖರ್ಚು. ಅಳಿಯ ನನ್ನ ಪುಟದಲ್ಲಿ ಫೋಟೋದ ಹೆಸರು ಬದಲಿಸಿ, ಹಳೆಯ ಹೆಸರಿನಲ್ಲಿ "ಈ ಅಡುಗೆ ಬೇರೆಯವರ ಮನೆಯದು" ಎಂದು ದಪ್ಪಕ್ಷರದಲ್ಲಿ ಬರೆದ ಚಿತ್ರ ಇಟ್ಟ. ಅವರ ಹೋಳಿಗೆ ಪುಟದ ತಲೆಯ ಮೇಲೆ ನಾಲ್ಕು ದಿನ ಅದು ರಾರಾಜಿಸಿತು.

ಮೂರನೇ ವರ್ಷ ಕಳ್ಳತನದ ಜಾತಿಯೇ ಬದಲಾಯಿತು. ಈಗ ಎಐ ಇದೆಯಲ್ಲ, ನನ್ನ ಬರಹ ಕೊಟ್ಟು ಬೇರೆ ಮಾತಿನಲ್ಲಿ ಬರೆಸಿಕೊಳ್ಳುತ್ತಾರೆ. ಅದೇ ಕ್ರಮ, ಅದೇ ಅಳತೆ, ಮಾತು ಮಾತ್ರ ಬೇರೆ. ಸೇವೆಯ ವರದಿ ಹಸಿರೋ ಹಸಿರು. ಒಂದು ಕಡೆ ನನ್ನ 'ಒಂದೆಲಗ' 'ಒಂದು ಎಲೆ' ಆಗಿತ್ತು. ಒಂದು ಎಲೆ ತೆಗೆದುಕೊಂಡು ತೊಳೆದು ಹುರಿಯಬೇಕಂತೆ. ಕೊನೆಗೆ ತಂಬುಳಿಯನ್ನು ಹತ್ತು ನಿಮಿಷ ಕುದಿಸಬೇಕಂತೆ! ಮಜ್ಜಿಗೆ ಒಡೆದು ಗಂಟುಗಟ್ಟಿದ ಪಾತ್ರೆ ಕಣ್ಣಿಗೆ ಕಟ್ಟಿತು. ಅದರ ಮೇಲೆ ದೂರು ಕೊಡಲಿಲ್ಲ. ಮಾಡಿದವರು ಉಣ್ಣಲಿ.

ಸೇವೆಯ ಬಗ್ಗೆ ನನ್ನ ಸಿಟ್ಟು ಪೂರ್ತಿ ನ್ಯಾಯವಲ್ಲ ಎಂದೂ ಗೊತ್ತು. ಇಂಗ್ಲಿಷಿನಲ್ಲಿ ಬರೆದು ಅದರಿಂದಲೇ ಮನೆ ನಡೆಸುವವರಿಗೆ, ನೂರಾರು ಪುಟ ಇರುವವರಿಗೆ, ಇದು ದುಡ್ಡಿಗೆ ತಕ್ಕ ಮಾಲು. ಆದರೆ ಅದು ಕಳಿಸುವ ನೋಟಿಸು ಎಲ್ಲರಿಗೂ ಒಂದೇ ಇಂಗ್ಲಿಷ್, ಲಾಯರ್ ಭಾಷೆ. ಯೂಟ್ಯೂಬಿನಲ್ಲಿ ಒಬ್ಬಾಕೆ ನನ್ನ ಬರಹವನ್ನು ಹಾಗೇ ಓದುತ್ತಾ ಅಡುಗೆ ಮಾಡುತ್ತಿದ್ದರು. ನೋಟಿಸ್ ಹೋಗಿ ತಿಂಗಳಾದರೂ ಉತ್ತರವಿಲ್ಲ. ಸುಮ್ನೆ ನೋಡೋಣ ಎಂದು ನಾನೇ ಕನ್ನಡದಲ್ಲಿ ನಾಲ್ಕು ಸಾಲು ಬರೆದೆ. ಅರ್ಧ ಗಂಟೆಗೆ ಉತ್ತರ ಬಂತು. ನೋಟಿಸ್ ಸ್ಪ್ಯಾಮ್‌ಗೆ ಹೋಗಿತ್ತಂತೆ, ಕಂಡಿದ್ದರೂ ಅರ್ಥವಾಗುತ್ತಿರಲಿಲ್ಲವಂತೆ. ವಿಡಿಯೋ ಕೆಳಗೆ ನನ್ನ ತಾಣದ ಹೆಸರು ಹಾಕಿದರು. ಈಗ ಹಶಿಗೆ ಸೌತೆಕಾಯಿ ಹೆಚ್ಚುವುದು ಎಷ್ಟು ಸಣ್ಣಗೆ ಎಂದು ಕೇಳಿ ಮೆಸೇಜ್ ಮಾಡುತ್ತಾರೆ.

ಈಗಿನ ನನ್ನ ಭಾನುವಾರ ಹೀಗೆ. ಹಳೇ ಡೈರಿಯಲ್ಲಿ ಹತ್ತು ಸಾಲು ಬರೆದಿಟ್ಟಿದ್ದೇನೆ, ಒಂದೊಂದು ಬರಹದಿಂದ ಒಂದೊಂದು, ನನ್ನ ಹೊರತು ಇನ್ಯಾರೂ ಬರೆಯಲಾರದಂಥದ್ದು. ಅತ್ತೆಯ ಸಾಲು ಮೊದಲನೆಯದು. ಕಷಾಯದ ನೀರು ಕಾಯುವಾಗ ಸಾಲು ಇದ್ದ ಹಾಗೇ ಸಿಗಲೆಂದು ಒಂದೊಂದನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕುತ್ತೇನೆ. ನಾಲ್ಕನ್ನು ಗೂಗಲ್ ಅಲರ್ಟ್ಸ್‌ಗೆ ಕೊಟ್ಟಿದ್ದೇನೆ, ಎಲ್ಲಾದರೂ ಕಂಡರೆ ಮೇಲ್ ಬರುತ್ತದೆ, ಪುಕ್ಕಟೆ. ಕಳ್ಳ ಸಿಕ್ಕರೆ ಮೊದಲು ಆ ಪುಟವನ್ನು, ತಾಣಗಳ ನಕಲು ಕಾದಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸುತ್ತೇನೆ, ಆಮೇಲೆ ಅಳಿಸಿ ಇಲ್ಲವೆನ್ನಬಾರದು. ನಂತರ ಕನ್ನಡದಲ್ಲಿ ಪತ್ರ, ಒಂದು ವಾರ ಗಡುವು, ಆಮೇಲೆ ಫಾರ್ಮ್. ಒಟ್ಟು ಇಪ್ಪತ್ತು ನಿಮಿಷ. ಹಳದಿ ಬಣ್ಣ ಇಲ್ಲ, ಆ ದುಂಡನೆಯ ಚಿತ್ರ ಇಲ್ಲ. ಅದು ಸ್ವಲ್ಪ ನೆನಪಾಗುತ್ತದೆ.

ಐದಕ್ಕೆ ಎರಡೂವರೆ ನಕ್ಷತ್ರ. ಇಂಗ್ಲಿಷಿನವರು ಇನ್ನೊಂದೂವರೆ ಸೇರಿಸಿಕೊಳ್ಳಿ. ನಿನ್ನೆ ಕೂತು ಎಲ್ಲ ಬರಹದಿಂದಲೂ ನೀಲಿ ಗುರಾಣಿ ಕಿತ್ತು ಹಾಕಿದೆ. ತೊಡೆದೇವು ಕದ್ದವರ ತಾಣದಲ್ಲಿ ಅದು ಇನ್ನೂ ಹೊಳೆಯುತ್ತಿದೆ.