ಕೇಳಿ ನಂತರ ಸೂಜಿ ಚುಚ್ಚುವ ಲ್ಯಾಬ್: ಚಿಕ್ಕಮಗಳೂರಿನಲ್ಲಿ ಲಿಪಿಡ್ ಪರೀಕ್ಷೆ ಮಾಡಿಸಿದ ಅನುಭವ

ಚಿಕ್ಕಮಗಳೂರಿನ ಬಸವನಹಳ್ಳಿ ಭಾಗದಲ್ಲಿರುವ ಈ ಸಣ್ಣ ಲ್ಯಾಬಿಗೆ ಕಳೆದ ನಾಲ್ಕು ತಿಂಗಳಲ್ಲಿ ಮೂರು ಬಾರಿ ಹೋಗಿ ಬಂದಿದ್ದೇನೆ. ರಕ್ತದ ಕೊಬ್ಬಿನಂಶಗಳನ್ನು ಅಳೆಯುವ ಲಿಪಿಡ್ ಪ್ರೊಫೈಲ್ ಮಾಡಿಸಬೇಕಾದವರಿಗೆ, ಅದರಲ್ಲೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದೆ ಎಂದು ಈಗಾಗಲೇ ತಿಳಿದಿರುವವರಿಗೆ ಉಪಯೋಗವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಪರೀಕ್ಷೆಯನ್ನು ನಾನು ಬೇರೊಂದು ಕಡೆ ಮಾಡಿಸಿದ್ದೆ. ಹಿಂದಿನ ದಿನ ನೆಂಟರ ಮನೆಯಲ್ಲಿ ಬೀಗರೂಟವಿತ್ತು. ಕಟ್ಟಿಸಿಕೊಂಡು ಬಂದದ್ದನ್ನು ರಾತ್ರಿ ಮತ್ತೆ ಉಂಡು ಮಲಗುವಾಗ ಹನ್ನೊಂದಾಗಿತ್ತು. ಬೆಳಿಗ್ಗೆ ಎದ್ದು ಕಾಫಿ ಕುಡಿದು, ಎಂಟು ಗಂಟೆಗೆ ಹೋಗಿ ಕೈ ಚಾಚಿದೆ. ಊಟ ಯಾವಾಗ ಆಯಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಸಂಜೆ ಬಂದ ವರದಿಯಲ್ಲಿ ಒಟ್ಟು ಕೊಲೆಸ್ಟ್ರಾಲ್ 262, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 520, ಎಲ್‌ಡಿಎಲ್ 124 ಎಂದಿತ್ತು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅಷ್ಟೇನೂ ಏರಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನಕ್ಕೆ ಆಧಾರವೇ ಇರಲಿಲ್ಲ ಎಂಬುದು ತಿಳಿದದ್ದು ಈ ಲ್ಯಾಬಿಗೆ ಬಂದ ಮೇಲೆ.

ಇಲ್ಲಿ ರಕ್ತ ತೆಗೆಯುವ ಹುಡುಗಿ ಸಿರಿಂಜು ಕೈಗೆತ್ತಿಕೊಳ್ಳುವ ಮೊದಲೇ, "ರಾತ್ರಿ ಊಟ ಎಷ್ಟು ಗಂಟೆಗಾಯ್ತು ಸಾರ್? ಬೆಳಿಗ್ಗೆ ನೀರು ಬಿಟ್ಟು ಬೇರೇನಾದ್ರೂ ಕುಡಿದ್ರಾ? ಎರಡು ಮೂರು ದಿನದಲ್ಲಿ ಡ್ರಿಂಕ್ಸ್ ತಗೊಂಡಿದ್ರಾ?" ಎಂದು ಕೇಳಿ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡರು. ನನ್ನ ಮುಂದೆ ಕುಳಿತಿದ್ದ ಹಿರಿಯರೊಬ್ಬರು ಸಕ್ಕರೆ ಹಾಕದ ಕಾಫಿಯನ್ನಷ್ಟೇ ಕುಡಿದಿದ್ದೇನೆ ಎಂದಾಗ, ಈ ಪರೀಕ್ಷೆಗೆ ಹಾಲೂ ಆಹಾರವೇ ಎಂದು ವಿನಯದಿಂದ ತಿಳಿಸಿ, ಮರುದಿನ ಬರಲು ಹೇಳಿ ಕಳಿಸಿದರು. ಬಂದ ಹಣವನ್ನು ಬಿಟ್ಟುಕೊಟ್ಟ ಆ ಒಂದು ನಡೆಯಿಂದಲೇ ನನಗೆ ಈ ಲ್ಯಾಬಿನ ಮೇಲೆ ವಿಶ್ವಾಸ ಹುಟ್ಟಿತು.

ಹನ್ನೆರಡು ಗಂಟೆ ಉಪವಾಸವಿದ್ದು ಹೋಗಿದ್ದರೂ ನನ್ನ ರಕ್ತದ ಸ್ಥಿತಿ ಚೆನ್ನಾಗಿರಲಿಲ್ಲ. ವರದಿಗಾಗಿ ಮಧ್ಯಾಹ್ನ ಹೋದಾಗ, ಪೆಥಾಲಜಿಸ್ಟ್, ಅಂದರೆ ಲ್ಯಾಬ್ ಪರೀಕ್ಷೆಗಳ ತಜ್ಞೆ, ಆಗಿರುವ ಡಾಕ್ಟರಮ್ಮ ಒಳಗೆ ಕರೆಸಿಕೊಂಡು, ಯಂತ್ರದಲ್ಲಿ ತಿರುಗಿಸಿದ ನಂತರದ ಎರಡು ಟ್ಯೂಬುಗಳನ್ನು ಅಕ್ಕಪಕ್ಕ ಹಿಡಿದು ತೋರಿಸಿದರು. ಎರಡರಲ್ಲೂ ಕೆಂಪು ಭಾಗ ತಳಕ್ಕಿಳಿದಿತ್ತು. ಒಂದರಲ್ಲಿ ಮೇಲೆ ನಿಂತ ಸೀರಮ್ ಎಂಬ ದ್ರವ ತಿಳಿಯಾದ ಹೊಂಬಣ್ಣದಲ್ಲಿದ್ದರೆ, ನನ್ನದರಲ್ಲಿ ಅದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಕದಡಿತ್ತು. ಆ ಮಬ್ಬೇ ಟ್ರೈಗ್ಲಿಸರೈಡ್ ಎಂದರು.

ನಂತರ ನನ್ನ ಹಳೆಯ ವರದಿಯ ಹಿಂಬದಿಯಲ್ಲಿ ಪೆನ್ನಿನಿಂದ ಲೆಕ್ಕ ಬರೆದರು. ಸಾಮಾನ್ಯವಾಗಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯದೆ, 1972ರಲ್ಲಿ ಪ್ರಕಟವಾದ ಫ್ರೀಡೆವಾಲ್ಡ್ ಸೂತ್ರದಂತೆ, ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುವ ರೂಢಿಯಿದೆ. 262ರಲ್ಲಿ 34 ಮತ್ತು 104 ಕಳೆದರೆ ಸರಿಯಾಗಿ 124. ಆದರೆ ಟ್ರೈಗ್ಲಿಸರೈಡ್ 400 ದಾಟಿದಾಗ ಈ ಸೂತ್ರ ನಂಬಿಕೆಗೆ ಅರ್ಹವಲ್ಲ. ನನ್ನದು ಉಪವಾಸದಲ್ಲೂ 446 ಇದ್ದುದರಿಂದ, ಇವರು ಲೆಕ್ಕದ ಅಂಕಿಯನ್ನು ಮುದ್ರಿಸದೆ, ಫೋನ್ ಮಾಡಿ ಒಪ್ಪಿಗೆ ಪಡೆದು, ಎಲ್‌ಡಿಎಲ್ ಅನ್ನು ನೇರವಾಗಿ ಅಳೆದಿದ್ದರು. ಅದು 143 ಬಂದಿತ್ತು.

ಉಪವಾಸದ ಟ್ರೈಗ್ಲಿಸರೈಡ್ 150ರ ಒಳಗಿರಬೇಕು, 500 ದಾಟಿ ಏರುತ್ತ ಹೋದಂತೆ ಹೃದಯದ ಜೊತೆಗೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವೂ ಹೆಚ್ಚುತ್ತದೆ ಎಂದು ವಿವರಿಸಿದ ಅವರು, ಇಷ್ಟು ಏರಿರುವುದಕ್ಕೆ ಮೂಲ ಹುಡುಕಬೇಕೆಂದು ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆಗೆ ಸೂಚಿಸಿದರು. ಥೈರಾಯ್ಡ್ ಸರಿಯಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಮಾತ್ರ 7.1 ಇತ್ತು. ನನಗೆ ಸಕ್ಕರೆ ಕಾಯಿಲೆ ಇದೆಯೆಂಬುದು ಗೊತ್ತಾದದ್ದು ಹೀಗೆ. ಮಾತ್ರೆಯ ಬಗ್ಗೆ ಕೇಳಿದ್ದಕ್ಕೆ, "ಅದನ್ನ ನಿಮ್ಮ ಡಾಕ್ಟ್ರೇ ಹೇಳ್ಬೇಕು, ನಾನು ಹೇಳಬಾರದು" ಎಂದು ಖಂಡಿತವಾಗಿ ನುಡಿದರು. ಅದೂ ಸರಿಯೇ.

ನನ್ನ ವೈದ್ಯರು ಸಕ್ಕರೆಗೆ ಮತ್ತು ಕೊಲೆಸ್ಟ್ರಾಲಿಗೆ ಮಾತ್ರೆ ಬರೆದುಕೊಟ್ಟರು. ಸಂಜೆಯ ಮದ್ಯವನ್ನು ಪೂರ್ತಿ ಬಿಟ್ಟೆ. ಬೆಳಿಗ್ಗೆ ಐದು ಅಕ್ಕಿರೊಟ್ಟಿ ತಿನ್ನುತ್ತಿದ್ದವನು ಎರಡಕ್ಕೆ ಇಳಿದು ಪಲ್ಯ ಹೆಚ್ಚಿಸಿಕೊಂಡೆ. ಕಾಫಿಪುಡಿಯನ್ನು ನೀರಿನಲ್ಲಿ ಕುದಿಸಿ, ಗಸಿ ಇಳಿದ ಮೇಲೆ ಬಗ್ಗಿಸಿಕೊಳ್ಳುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಹಾಗೆ ಮಾಡಿದ ಕಾಫಿಯಲ್ಲಿ ಉಳಿಯುವ ಕೆಫೆಸ್ಟಾಲ್ ಎಂಬ ಎಣ್ಣೆಯಂಶ ಎಲ್‌ಡಿಎಲ್ ಏರಿಸುತ್ತದೆ, ಕಾಗದದ ಫಿಲ್ಟರ್ ಅದನ್ನು ಬಹುಪಾಲು ತಡೆಯುತ್ತದೆ ಎಂದು ತಿಳಿದು ಅದನ್ನೂ ಬದಲಿಸಿದೆವು. ಕಾಫಿ ಬೆಳೆಯುವ ನಾಡಿನವರಾದ ನಮಗೆ ಇದು ಮೊದಲೇ ಗೊತ್ತಿರಬೇಕಿತ್ತು. ಮೂರು ತಿಂಗಳ ನಂತರದ ವರದಿಯಲ್ಲಿ ಟ್ರೈಗ್ಲಿಸರೈಡ್ 190ಕ್ಕೆ, ಎಲ್‌ಡಿಎಲ್ 92ಕ್ಕೆ ಇಳಿದಿವೆ. ಟ್ರೈಗ್ಲಿಸರೈಡ್ ಇನ್ನೂ ಇಳಿಯಬೇಕಿದೆ.

ಕೊರತೆಗಳೂ ಇವೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿದ್ದು, ಇರಬೇಕಾದ ಮಿತಿಯನ್ನು ಕನ್ನಡಕ ಹಾಕಿದರೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತಾರೆ. ಡಾಕ್ಟರಮ್ಮ ಬಾಯಲ್ಲಿ ಹೇಳುವುದನ್ನೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಲಗತ್ತಿಸಿದರೆ, ತೋಟದ ಕೆಲಸ ಬಿಟ್ಟು ದೂರದಿಂದ ಬರುವವರಿಗೆ ಎಷ್ಟೋ ಅನುಕೂಲವಾದೀತು. ಕಾಯುವ ಜಾಗವೂ ಇಕ್ಕಟ್ಟು. ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆಯುತ್ತದೆ. ಎಂಟರ ನಂತರ ಜನ ಹೆಚ್ಚುವುದರಿಂದ, ಉಪವಾಸವಿರುವ ಸಕ್ಕರೆ ಕಾಯಿಲೆಯವರು ಏಳರೊಳಗೆ ಬಂದು, ಬುತ್ತಿಯನ್ನು ಕೈಚೀಲದಲ್ಲೇ ಇಟ್ಟುಕೊಂಡಿರುವುದು ಒಳ್ಳೆಯದು.