ಮೂರು ಸಾವಿರ ರೂಪಾಯಿಯ ಮೆಣಸಿನಕಾಯಿ: ದುರ್ಗದ ಬೈಲಿನ ಫಲಕವಿಲ್ಲದ ಅಂಗಡಿ

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಒಳಕ್ಕೆ ಹೊರಳುವ ಸಂದಿಯೊಂದರಲ್ಲಿ ಫಲಕವೇ ಇಲ್ಲದ ಒಣಮೆಣಸಿನಕಾಯಿ ಅಂಗಡಿಯೊಂದಿದೆ. ಎರಡು ವರ್ಷಗಳಿಂದ ನಮ್ಮ ಮನೆಯ ವರ್ಷದ ಖಾರಕ್ಕೆ ಅಲ್ಲಿಂದಲೇ ಕಾಯಿ ತರುತ್ತಿದ್ದೇವೆ. ಒಳ್ಳೆಯ ಕಾಯಿ ಊರಿನ ಬೇರೆ ಕಡೆಯೂ ಸಿಗುತ್ತದೆ. ಆದರೆ ಕೈಯಲ್ಲಿರುವ ದುಡ್ಡನ್ನು ಹೇಗೆ ಹಂಚಿದರೆ ಮನೆಗೆ ಹೆಚ್ಚು ಒದಗುತ್ತದೆ ಎಂದು ನಿಂತು ಯೋಚಿಸಲು ಗಿರಾಕಿಗೆ ಇಲ್ಲಿರುವಷ್ಟು ಆಸ್ಪದವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಖಾರಕ್ಕೆಂದು ನಾವು ಎತ್ತಿಡುವುದು 3,000 ರೂಪಾಯಿ. ಹೋದ ವರ್ಷ, ತರುವುದಾದರೆ ಒಳ್ಳೆಯದನ್ನೇ ತರೋಣವೆಂಬ ಉಮೇದಿನಲ್ಲಿ, ಅಷ್ಟೂ ದುಡ್ಡಿಗೆ ಬ್ಯಾಡಗಿ ಮೆಣಸಿನಕಾಯಿಯಲ್ಲೇ ಡಬ್ಬಿ ಎಂಬ ಬಗೆಯನ್ನೇ ತೂಗಿಸಿಕೊಂಡು ಬಂದೆ. ಪುಡಿಯ ಬಣ್ಣ ಕಂಡು ನೆರೆಯವರು ಹೊಗಳಿದ್ದೇನೋ ನಿಜ. ಆದರೆ ಬ್ಯಾಡಗಿಯ ಹೆಸರಿರುವುದು ಬಣ್ಣಕ್ಕೆ ಮತ್ತು ರುಚಿಗೆ, ಉರಿಗಲ್ಲ. ಒಂದು ಚಮಚ ಸಾಕಾಗುವಲ್ಲಿ ಎರಡು ಹಾಕಬೇಕಾಗಿ, ಮಾರ್ಚಿನಲ್ಲಿ ಕುಟ್ಟಿಸಿದ ಖಾರ ದೀಪಾವಳಿಗೆಲ್ಲ ತಳ ಕಂಡಿತು. ಕಾಯಿಯಲ್ಲಿ ದೋಷವಿರಲಿಲ್ಲ. ಆರನೆಯ ಕಿಲೋ ಡಬ್ಬಿ ಮೊದಲನೆಯ ಕಿಲೋದಷ್ಟು ಒದಗುವುದಿಲ್ಲ ಎಂಬುದನ್ನು, ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿಯೂ, ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಈ ವರ್ಷ ನಮ್ಮ ಮನೆಯವರೂ ಜೊತೆಗೆ ಬಂದರು. ಅಂಗಡಿಯವರು ಮೊದಲು ಕೇಳಿದ್ದು ಎಷ್ಟು ಕಿಲೋ ಎಂದಲ್ಲ, "ಅಕ್ಕಾರ, ಬರೇ ಖಾರಪುಡಿನೋ, ಮಸಾಲಿ ಖಾರಾನೋ?" ಎಂದು. ಆಮೇಲೆ ಮೂರು ಚೀಲಗಳ ಬಾಯಿ ಬಿಚ್ಚಿಟ್ಟರು. ಗಿಡ್ಡಗೆ, ದಪ್ಪಗೆ ಇರುವ ಡಬ್ಬಿ ಕಿಲೋಗೆ 480 ರೂಪಾಯಿ; ನೀಳವಾಗಿ ಸುಕ್ಕುಗಟ್ಟಿದ, ಬೀಜ ಕಡಿಮೆಯಿರುವ ಕಡ್ಡಿ 360; ಉರಿಗೆ ಹೆಸರಾದ ಗುಂಟೂರು 240. ಕಾಲು ಕಿಲೋ ಕೇಳಿದರೂ ಅದೇ ದರ, ಅದೇ ಮರ್ಯಾದೆ. ಈ ಅಂಗಡಿಯ ದೊಡ್ಡ ಗುಣ ನನ್ನ ಪ್ರಕಾರ ಇದೇ. ಐದು ಕಿಲೋ ಚೀಲಕ್ಕಿಂತ ಕಡಿಮೆ ಕೊಡುವುದಿಲ್ಲ ಎನ್ನುವಲ್ಲಿ ಗಿರಾಕಿಗೆ ಉಳಿಯುವುದು ಬೇಕು ಅಥವಾ ಬೇಡ ಎನ್ನುವ ಎರಡೇ ಮಾತು. ಇದನ್ನು ಸ್ವಲ್ಪ ಕಡಿಮೆ ಮಾಡಿ ಅದನ್ನು ಸ್ವಲ್ಪ ಹೆಚ್ಚಿಸೋಣವೆನ್ನಲು ದಾರಿಯೇ ಇರುವುದಿಲ್ಲ.

ಎರಡು ಕಿಲೋ ಡಬ್ಬಿ, ನಾಲ್ಕು ಕಿಲೋ ಕಡ್ಡಿ, ಎರಡು ಕಿಲೋ ಗುಂಟೂರು ಎಂಬಲ್ಲಿಗೆ 2,880 ರೂಪಾಯಿಯಾಯಿತು. ಉಳಿದ 120 ರೂಪಾಯಿಯ ಮೇಲೆ ನಮ್ಮಿಬ್ಬರ ನಡುವೆ ನಡೆದ ಚರ್ಚೆ ಮೊದಲಿನ 2,880ಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು. ಅಷ್ಟಕ್ಕೆ ಅರ್ಧ ಕಿಲೋ ಗುಂಟೂರು ಬರುತ್ತದೆ, ಇಲ್ಲವೇ ಕಾಲು ಕಿಲೋ ಡಬ್ಬಿ. ತೂಕ ಹೆಚ್ಚೆಂದು ನಾನು ಗುಂಟೂರಿನ ಪರ ವಾದಿಸಿದೆ. ಆಕೆ ಡಬ್ಬಿಯ ಒಂದು ಕಾಯಿ ಮುರಿದು, ಅಂಗೈಯಲ್ಲಿ ತಿಕ್ಕಿ, ಮೂಸಿ ನೋಡಿ, ಉರಿಗೆ ಎರಡು ಕಿಲೋ ಗುಂಟೂರು ಸಾಕು, ಮೇಲಿನದೆಲ್ಲ ಮಾವನವರ ಹೊಟ್ಟೆಗೆ ಭಾರ ಎಂದು ಹೇಳಿ ಡಬ್ಬಿಯನ್ನೇ ತೂಗಿಸಿದರು. ಆಲ್ಫ್ರೆಡ್ ಮಾರ್ಷಲ್ ಎಂಬ ಅರ್ಥಶಾಸ್ತ್ರಜ್ಞ, 1890ರಲ್ಲಿ ಮೊದಲು ಅಚ್ಚಾದ ತನ್ನ ಗ್ರಂಥದಲ್ಲಿ ಇಂಥದೇ ಒಬ್ಬ ಗೃಹಿಣಿಯ ಮಾತು ತರುತ್ತಾನೆ. ಆಕೆಯ ಬಳಿ ಇರುವುದು ಆ ವರ್ಷದ ಉಣ್ಣೆಯಿಂದ ಬಂದ ನೂಲಿನ ಕೆಲವೇ ಲಡಿಗಳು. ಕಾಲುಚೀಲಕ್ಕೆಷ್ಟು, ಅಂಗಿಗೆಷ್ಟು ಎಂದು ಹಂಚಿ ಹೆಣೆದ ಮೇಲೆ, ಕಾಲುಚೀಲಕ್ಕೆ ಇನ್ನಷ್ಟು ಇಟ್ಟಿದ್ದರೆ ಒಳ್ಳೆಯದಿತ್ತೆಂಬ ಹಳಹಳಿ ಉಳಿದರೆ, ಹಂಚಿಕೆ ತಪ್ಪಿತೆಂದೇ ಆಕೆ ತಿಳಿಯುತ್ತಾಳೆ. ಯಾವುದರ ಮೇಲೆ ಹಾಕಿದ ಕೊನೆಯ ರೂಪಾಯಿಯನ್ನು ಕಿತ್ತು ಇನ್ನೊಂದರ ಮೇಲೆ ಹಾಕಿದರೂ ಲಾಭವಿಲ್ಲ ಎನ್ನುವ ಹಂತ ಮುಟ್ಟಿದಾಗ ಆರಿಸುವುದನ್ನು ನಿಲ್ಲಿಸಬಹುದು. ನಾನಿದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಮ್ಮ ಮನೆಯವರು ಓದಿದ್ದು ವಿಜ್ಞಾನ.

ಇನ್ನು ದೂರು. ಡಬ್ಬಿ ಮತ್ತು ಗುಂಟೂರು ಗರಿಗರಿಯಾಗಿದ್ದು, ಅಲ್ಲಾಡಿಸಿದರೆ ಒಳಗಿನ ಬೀಜದ ಸಪ್ಪಳ ಕೇಳುತ್ತಿತ್ತು. ಕಡ್ಡಿ ಮಾತ್ರ ಮುರಿಯದೆ ಬಾಗುತ್ತಿತ್ತು. ಕೇಳಿದ್ದಕ್ಕೆ "ಹೊಸಾ ಮಾಲು ರೀ, ಮೆತ್ತಗ ಇರತೈತಿ" ಎಂಬ ಉತ್ತರ ಬಂತು. ಮಾಳಿಗೆಯ ಮೇಲೆ ಎರಡು ದಿನ ಒಣಗಿಸಿದ ಮೇಲೆ ನಾಲ್ಕು ಕಿಲೋ ಕಡ್ಡಿ 3.7 ಕಿಲೋಗೆ ಇಳಿಯಿತು. ಅಂದರೆ ನಾವು ನಿಜವಾಗಿ ಕೊಟ್ಟದ್ದು ಕಿಲೋಗೆ 360 ಅಲ್ಲ, ಸುಮಾರು 389. 108 ರೂಪಾಯಿ ನೀರಿನ ಪಾಲಾಯಿತು. ನಷ್ಟಕ್ಕಿಂತ ಹೆಚ್ಚು ಬೇಸರ ತರಿಸಿದ್ದು, ಅಷ್ಟು ಹೊತ್ತು ನಿಂತು ಮಾಡಿದ ಹಂಚಿಕೆಗೆ ಆಧಾರವಾಗಿದ್ದ ದರವೇ ತಪ್ಪಾಗಿತ್ತು ಎಂಬುದು. 389 ಎಂದು ಮೊದಲೇ ತಿಳಿದಿದ್ದರೆ ಅರ್ಧ ಕಿಲೋ ಕಡ್ಡಿ ಬಿಟ್ಟು ಆ ದುಡ್ಡನ್ನೂ ಡಬ್ಬಿಗೆ ಹಾಕುತ್ತಿದ್ದೆವು.

ಅಲ್ಲಿ ಸಿದ್ಧ ಖಾರಪುಡಿಯೂ ಇದೆ. ಯಾವ ಕಾಯಿ ಎಷ್ಟು ಸೇರಿದೆಯೆಂದು ತಿಳಿಯದ್ದರಿಂದ ಅದರ ಗೊಡವೆಗೆ ಹೋಗಲಿಲ್ಲ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ, ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಸಲ್ಲಬೇಕೆನ್ನುವ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ ನಿಜ, ಆದರೆ ಪುಡಿಯಾದ ಮೇಲೆ ಕಣ್ಣಿಗೆ ಎಲ್ಲವೂ ಕೆಂಪೇ. ಹಾವೇರಿ ಜಿಲ್ಲೆಯ ಬ್ಯಾಡಗಿಗೇ ಹೋಗಿ ತಂದರೆ ಅಗ್ಗವಲ್ಲವೇ ಎಂದು ಕೆಲವರು ಕೇಳುತ್ತಾರೆ. ಚೀಲಗಟ್ಟಲೆ ಒಯ್ಯುವವರಿಗೆ ಹೌದು. ಎಂಟು ಕಿಲೋದವರಿಗೆ ಪ್ರಯಾಣದ ಖರ್ಚು ಮತ್ತು ಹಾಳಾಗುವ ಒಂದು ದಿನವನ್ನು ಕೂಡಿಸಿದರೆ ಆ ಅಗ್ಗ ಉಳಿಯುವುದಿಲ್ಲ.

ತಕ್ಕಡಿ ಗಿರಾಕಿಗೆ ಎದುರಾಗಿಯೇ ಇದೆ, ಕೇಳಿದರೆ ಕೈಬರಹದ ಬಿಲ್ಲು ಕೊಡುತ್ತಾರೆ, ಕೊಂಡದ್ದನ್ನು ಮರಳಿ ಪಡೆಯುವುದಿಲ್ಲ. ಸಂದಿ ಕಿರಿದಾದ್ದರಿಂದ ಗಾಡಿಯನ್ನು ಹೊರಗೇ ನಿಲ್ಲಿಸಿ ನಡೆಯಬೇಕು. ಮಧ್ಯಾಹ್ನಕ್ಕೆ ಮೊದಲೇ ಹೋಗುವುದು ಒಳ್ಳೆಯದು. ಆಮೇಲೆ ಜನ ಹೆಚ್ಚಿ, ಚೀಲದ ತಳಕ್ಕೆ ಕೈ ಹಾಕಿ ಒಂದು ಕಡ್ಡಿಯನ್ನು ಮುರಿದು ನೋಡುವಷ್ಟು ವ್ಯವಧಾನ ಅಂಗಡಿಯವರಿಗೂ ಇರುವುದಿಲ್ಲ, ಹಿಂದೆ ನಿಂತವರಿಗೂ ಇರುವುದಿಲ್ಲ.