ಕೆಲಸ ಹುಡುಕುವ ಬಾಡಿಗೆದಾರರಿಗೆ ಕೌನ್ಸಿಲ್ಲೋ, ಹೌಸಿಂಗ್ ಅಸೋಸಿಯೇಷನ್ನೋ?

ಲಂಡನ್ನಿನ ಸಾಮಾಜಿಕ ವಸತಿಯಲ್ಲಿ, ಅಂದರೆ ಕೌನ್ಸಿಲ್ (ಸ್ಥಳೀಯ ಆಡಳಿತ) ಅಥವಾ ಲಾಭರಹಿತ ಹೌಸಿಂಗ್ ಅಸೋಸಿಯೇಷನ್ ಕಡಿಮೆ ಬಾಡಿಗೆಗೆ ಕೊಡುವ ಮನೆಯಲ್ಲಿದ್ದು ಕೆಲಸ ಹುಡುಕುವವರಿಗೆ ಸರ್ಕಾರದ ಉದ್ಯೋಗ ಕಚೇರಿಯಾದ ಜಾಬ್‌ಸೆಂಟರ್ ಅಲ್ಲದೆ ಇನ್ನೂ ಎರಡು ಬಾಗಿಲುಗಳಿವೆ. ಸದರ್ಕ್ ಕೌನ್ಸಿಲ್‌ನ 'ಸದರ್ಕ್ ವರ್ಕ್ಸ್' ಸೇವೆ ಆ ಬರೋದ (ಲಂಡನ್ನಿನ ಆಡಳಿತ ವಿಭಾಗದ) ನಿವಾಸಿಗಳಿಗಾಗಿ ಇದೆ. ಸ್ಥಳೀಯ ಉದ್ಯೋಗದಾತರೊಂದಿಗಿನ ನಿಕಟ ನಂಟು ಅದರ ಬಲ. ಹೌಸಿಂಗ್ ಅಸೋಸಿಯೇಷನ್ ಆದ ಕ್ಲೇರಿಯನ್ ಹೌಸಿಂಗ್‌ನ ದತ್ತಿ ಅಂಗವಾದ 'ಕ್ಲೇರಿಯನ್ ಫ್ಯೂಚರ್ಸ್' ಮುಖ್ಯವಾಗಿ ತನ್ನ ಬಾಡಿಗೆದಾರರಿಗೆ ತರಬೇತಿ ಮತ್ತು ಉದ್ಯೋಗ ಸಲಹೆ ನೀಡುತ್ತದೆ; ಆ ಸಂಸ್ಥೆಯ ಮನೆಗಳು ಇಂಗ್ಲೆಂಡಿನ ಅನೇಕ ಜಿಲ್ಲೆಗಳಲ್ಲಿ ಹರಡಿವೆ.

ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದವರಿಗೆ, ಕೆಲಸವಿಲ್ಲದವರಿಗೆ ಸರ್ಕಾರ ಕೊಡುವ ಭತ್ಯೆ) ಪಡೆಯುವವರು ಜಾಬ್‌ಸೆಂಟರ್‌ನ ಭೇಟಿಯನ್ನು ಸಕಾರಣವಿಲ್ಲದೆ ತಪ್ಪಿಸಿದರೆ ಭತ್ಯೆ ಕಡಿತವಾಗಬಹುದು. ಈ ಎರಡು ಸೇವೆಗಳಿಗೆ ಹೋಗುವುದು ಸ್ವಇಚ್ಛೆಯ ವಿಷಯವಾದ್ದರಿಂದ ಆತಂಕವಿಲ್ಲದೆ ಮಾತನಾಡಬಹುದು, ಮತ್ತು ಬಹುಕಾಲ ಕೆಲಸದಿಂದ ದೂರವಿದ್ದವರಿಗೆ ಇದು ಬಹಳ ದೊಡ್ಡ ವ್ಯತ್ಯಾಸವೆಂದು ನಾನು ನಂಬುತ್ತೇನೆ.

ಎಲ್ಲಿಗೇ ಹೋದರೂ ಮೊದಲು ಲೆಕ್ಕ ಕೇಳಬೇಕು. ಕೆಲಸಕ್ಕೆ ಸೇರಿದ ಮೇಲೆ, ವಿನಾಯಿತಿಯ ಮಿತಿ (ಭತ್ಯೆ ಕಡಿತವಾಗದೆ ಗಳಿಸಬಹುದಾದ ಮೊತ್ತ) ಇದ್ದರೆ ಅದನ್ನು ಮೀರಿದ ಗಳಿಕೆಯ ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಯೂನಿವರ್ಸಲ್ ಕ್ರೆಡಿಟ್ ಇಳಿಯುತ್ತದೆ. ಬಾಡಿಗೆಯ ನೆರವೂ ಅದರಲ್ಲೇ ಸೇರಿದ್ದರೆ ಸಂಬಳ ಬಂದ ತಿಂಗಳಲ್ಲಿ ಬಾಡಿಗೆ ಬಾಕಿ ಉಳಿಯುವ ಅಪಾಯವಿದೆ. ಬಾಡಿಗೆಯ ಖಾತೆಯನ್ನು ತಾನೇ ನೋಡಿಕೊಳ್ಳುವ ಅಸೋಸಿಯೇಷನ್ ಇದನ್ನು ಬೇಗ ಗುರುತಿಸಬಲ್ಲದು. ಕೌನ್ಸಿಲ್ ಮನೆಯಲ್ಲಿರುವವರು ಅದೇ ಪ್ರಶ್ನೆಯನ್ನು ಕೌನ್ಸಿಲ್‌ನ ವಸತಿ ಅಧಿಕಾರಿಗೆ ಕೇಳಬೇಕು.